ಸಾಲಿಗೆ ಆರೇ ಪದ

ಕಾಫಿ ಸೀಮೆಯ ಸಭೆಗಳಿಗೆ ಈಗ ಅಧ್ಯಕ್ಷರಿಗಿಂತ ಮೊದಲು ಪ್ರೊಜೆಕ್ಟರ್ ಬಂದು ಕೂರುತ್ತದೆ. ಚಿಕ್ಕಮಗಳೂರಾಗಲಿ, ಕಳಸವಾಗಲಿ, ಸ್ಲೈಡ್ ಇಲ್ಲದೆ ಮಾತಿಗೆ ನಿಂತವರನ್ನು ತಯಾರಿ ಇಲ್ಲದೆ ಬಂದವರೆಂದೇ ಜನ ತಿಳಿಯುತ್ತಾರೆ. ಮೊದಲ ಸ್ಲೈಡಿನಲ್ಲಿ ಬಾಬಾಬುಡನ್ ಏಳು ಬೀಜ ತಂದ ಕತೆ ಇರಲೇಬೇಕು. ಆ ಏಳು ಬೀಜ ಯಾವ ಹವಾಮಾನದಲ್ಲೂ ತಪ್ಪದೆ ಫಸಲು ಕೊಡುತ್ತಿರುವುದು ಪ್ರೆಸೆಂಟೇಷನ್ನುಗಳಲ್ಲಿ ಮಾತ್ರ.

ಮೂಡಿಗೆರೆ ಕಡೆಯ ನಮ್ಮ ಚಿಕ್ಕಪ್ಪ ಬೆಳೆಗಾರರ ಸಂಘವೊಂದರ ಕಾರ್ಯದರ್ಶಿ. ಸಂಘ ಹಿಂದೆಂದೋ ಅಚ್ಚು ಹಾಕಿಸಿದ್ದ ಕಾಫಿ ಕೃಷಿಯ ಪುಸ್ತಕವನ್ನು ವಾರ್ಷಿಕ ಸಭೆಗೆ ಸ್ಲೈಡ್ ಮಾಡಿಕೊಡಬೇಕೆಂದು ನನಗೆ ಅಪ್ಪಣೆಯಾಯಿತು. ನಾನು ಬೆಂಗಳೂರಿನ ಕಂಪನಿ ಕೆಲಸವನ್ನು ತೋಟದ ಮನೆಯಲ್ಲಿ ಕೂತು ಮಾಡುವವನು. ಊರಿನ ಲೆಕ್ಕದಲ್ಲಿ ಕೆಲಸ ಇಲ್ಲದವನು.

"ಎಂತ ಮಾರಾಯ, ಪುಸ್ತಕ ರೆಡಿ ಇದೆ. ಒಂದು ಪ್ರೋಗ್ರಾಂ ಬರೆದು ಬಟನ್ ಒತ್ತಿದ್ರೆ ಆಯ್ತಲ್ಲ?"

ಚಿಕ್ಕಪ್ಪನ ಆಸೆ ಲೋಕದಲ್ಲಿ ಹೊಸದೇನಲ್ಲ. ತಮ್ಮ ಪುಸ್ತಕದ ಕರಡಚ್ಚು ಕಣ್ಣಿಗೆ ಒಗ್ಗದೆ ಡೊನಾಲ್ಡ್ ನೂತ್ 1977ರಲ್ಲಿ ಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಕಟ್ಟಲು ಕೂತರು. ಟಿಲ್ ಟಾಂಟಾವ್ ಎಂಬ ಜರ್ಮನ್ ವಿದ್ಯಾರ್ಥಿ ತನ್ನ ಪಿಎಚ್.ಡಿ. ಪ್ರಬಂಧ ಮಂಡಿಸಲೆಂದು 2003ರಲ್ಲಿ ಅದನ್ನೇ ಪರದೆಗೆ ಹತ್ತಿಸಿ ಬೀಮರ್ ಮಾಡಿದ. 2006ರಲ್ಲಿ ಬಂದ ಪ್ಯಾಂಡಾಕ್ ಅಂತೂ ಯಾವ ಬರಹವನ್ನು ಕೊಟ್ಟರೂ ಶೀರ್ಷಿಕೆ ಕಂಡಲ್ಲೆಲ್ಲ ಹೊಸ ಸ್ಲೈಡ್ ತೆರೆದು ಕೆಳಗಿನದನ್ನೆಲ್ಲ ಅದಕ್ಕೆ ಸುರಿಯಬಲ್ಲದು. ಬರೆದವರು ಬರ್ಕ್ಲಿಯ ತತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫರ್ಲೇನ್. ತತ್ವಶಾಸ್ತ್ರದವರ ಕೈಕೆಲಸವಾದ್ದರಿಂದಲೋ ಏನೋ, ಯಾವುದು ಮುಖ್ಯ ಎಂದು ಕೇಳಿದರೆ ಅದು ಉತ್ತರ ಕೊಡುವುದಿಲ್ಲ.

ಆದರೆ ಅವಕ್ಕೆಲ್ಲ ಇದು ಶೀರ್ಷಿಕೆ, ಇದು ಪ್ಯಾರಾ ಎಂದು ಯಾರಾದರೂ ಹೇಳಿರಬೇಕು. ನಮ್ಮ ಪುಸ್ತಕ ಪೇಜ್‌ಮೇಕರ್‌ನಲ್ಲಿ, ನುಡಿ ಅಕ್ಷರದಲ್ಲಿ ಕಟ್ಟಿದ್ದು; ಉಳಿದಿರುವುದು ಅದರ ಪಿಡಿಎಫ್ ಒಂದೇ. ಇಂಥ ಹಳೇ ಪಿಡಿಎಫ್‌ಗೆ ಗೊತ್ತಿರುವುದು ಯಾವ ಅಕ್ಷರ ಹಾಳೆಯ ಯಾವ ಜಾಗದಲ್ಲಿ ಎಷ್ಟು ಗಾತ್ರಕ್ಕೆ ಕೂರಬೇಕು ಅನ್ನುವುದಷ್ಟೇ. ಸರಿ, ದೊಡ್ಡಕ್ಷರ ಕಂಡರೆ ಶೀರ್ಷಿಕೆ ಅಂದುಕೋ ಎಂದು ಪ್ರೋಗ್ರಾಮಿಗೆ ಹೇಳಿದೆ. ಇಡೀ ಪುಸ್ತಕದಲ್ಲಿ ಅತಿ ದೊಡ್ಡಕ್ಷರ ಪಂಪ್‌ಸೆಟ್ ಅಂಗಡಿಯೊಂದರ ಜಾಹೀರಾತಿನದು. ಅಂಗಡಿಯ ಹೆಸರಿನ ಕೆಳಗೆ ಎಲೆ ತುಕ್ಕು ರೋಗದ ಲಕ್ಷಣಗಳು ಒಂದೊಂದಾಗಿ ಮೂಡಿ ಬಂದವು. ಚಿಕ್ಕಪ್ಪ ನೋಡಿ, "ಇರ್ಲಿ ಬಿಡು, ಅವ್ರು ಇನ್ನೂ ದುಡ್ಡು ಕೊಟ್ಟಿಲ್ಲ" ಅಂದರು.

ನುಡಿಯದು ಬೇರೆಯೇ ಪುರಾಣ. ಕಣ್ಣಿಗೆ ಕಾಣುವುದು ಕನ್ನಡ. ಒಳಗಿರುವುದು ಇಂಗ್ಲಿಷಿನ ಮತ್ತು ಯುರೋಪಿನ ಚಿಲ್ಲರೆ ಅಕ್ಷರಗಳು. 'ಕಾಫಿ' ಎಂಬುದನ್ನು ಎತ್ತಿ ಬೇರೆಡೆ ಇಟ್ಟರೆ ಒಂದು ಪಿ, ತಲೆ ಮೇಲೆ ಗೆರೆ ಹೊತ್ತ ಒಂದು ಎ, ನಡು ಮುರಿದ ಒಂದು ಕಂಬ, ಎರಡು ಚುಕ್ಕಿಯ ಒಂದು ಯು. ಇದನ್ನು ಯೂನಿಕೋಡ್‌ಗೆ ತಿರುಗಿಸುವಾಗ ನಿಜವಾಗಿ ಕಾಡುವುದು ಅರ್ಕಾವೊತ್ತು. ನುಡಿಯಲ್ಲಿ ಅದು ಕಂಡ ಹಾಗೆ ಅಕ್ಷರದ ಹಿಂದೆ ಕೂರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮುಂದೆ ಬರಬೇಕು. ಮುಂದೆ ಎಳೆದು ತರದಿದ್ದರೆ ಕರ್ನಾಟಕ 'ಕನಾರ್ಟಕ'ವಾಗುತ್ತದೆ, ಬೋರ್ಡೋ ದ್ರಾವಣ 'ಬೋಡೋರ್ ದ್ರಾವಣ'ವಾಗುತ್ತದೆ, ಖರ್ಚು 'ಖಚುರ್' ಆಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಆ ಕೊನೆಯದನ್ನು ಓದಿ, ಈಗಿನ ಗೊಬ್ಬರದ ರೇಟಿಗೆ ಖಚುರ್ ಅನ್ನೋದೇ ಸರಿ ಎಂದ. ತೇಜಸ್ವಿಯವರು ಇದೇ ಮೂಡಿಗೆರೆಯಲ್ಲಿ ಕೂತು ಮೀನು, ಹಕ್ಕಿ ಬಿಟ್ಟು ಕನ್ನಡ ತಂತ್ರಾಂಶದ ಬೆನ್ನು ಯಾಕೆ ಹತ್ತಿದ್ದರೆಂದು ಆ ರಾತ್ರಿ ನನಗೆ ಹೊಳೆಯಿತು.

ಅಕ್ಷರ ಸರಿಹೋದ ಮೇಲೆ ಚಿಕ್ಕಪ್ಪ ಕಾನೂನು ತಂದರು. ಯಾವುದೋ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ: ಸ್ಲೈಡಿಗೆ ಆರು ಸಾಲು, ಸಾಲಿಗೆ ಆರು ಪದ, ಅದಕ್ಕೆ ಮೀರಿದರೆ ಜನ ಓದುವುದಿಲ್ಲ. ಪ್ರೋಗ್ರಾಮಿಗೆ ಇದಕ್ಕಿಂತ ಸುಲಭದ ಕೆಲಸ ಇಲ್ಲ. ಪ್ರತಿ ವಾಕ್ಯದ ಆರು ಪದ ಎಣಿಸಿ ಮಿಕ್ಕಿದ್ದನ್ನು ಮರಗಸಿ ಮಾಡಿದ ಹಾಗೆ ಕಡಿದು ಹಾಕಿತು.

ಪುಸ್ತಕದಲ್ಲಿದ್ದದ್ದು: "ಬೋರರ್ ಹಿಡಿದ ಗಿಡ ಕಿತ್ತು ರಾಶಿ ಹಾಕಿ ಇಡಬೇಡಿ, ತಕ್ಷಣ ಸುಟ್ಟುಬಿಡಿ."

ಪರದೆಯಲ್ಲಿ ಬಂದದ್ದು: "ಬೋರರ್ ಹಿಡಿದ ಗಿಡ ಕಿತ್ತು ರಾಶಿ ಹಾಕಿ."

ರೈಟರ್ ಭಕ್ತಿಯಿಂದ ಓದಿ, "ಆಯ್ತು ಗೌಡ್ರೇ, ನಾಳೆನೇ ರಾಶಿ ಹಾಕಿಸ್ತೀನಿ" ಅಂದ. ಅರೇಬಿಕಾ ಗಿಡದ ಕಾಂಡದೊಳಗಿನ ಆ ಹುಳ ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ದುಂಬಿಯಾಗಿ ಹೊರಗೆ ಹಾರುತ್ತದೆ. ಕಿತ್ತ ಗಿಡವನ್ನು ತೋಟದಲ್ಲೇ ರಾಶಿ ಹಾಕುವುದೆಂದರೆ ಅದಕ್ಕೆ ಬಸ್‌ಸ್ಟ್ಯಾಂಡ್ ಕಟ್ಟಿಸಿಕೊಟ್ಟಂತೆ. ಮಾಡಿ ಅನ್ನುವುದನ್ನೂ ಮಾಡಬೇಡಿ ಅನ್ನುವುದನ್ನೂ ಕನ್ನಡ ವಾಕ್ಯ ಬಾಲದಲ್ಲಿ ಇಟ್ಟುಕೊಂಡಿರುತ್ತದೆ; ಆರು ಪದದ ಕಾನೂನು ಮಾಡಿದವರಿಗೆ ಈ ಬಾಲ ಗೊತ್ತಿದ್ದಂತಿಲ್ಲ.

"ಹಾಗಾದ್ರೆ ಕೊನೇ ಆರು ಪದ ತಗೊ" ಅಂದರು ಚಿಕ್ಕಪ್ಪ.

ತೆಗೆದುಕೊಂಡೆ. "ಕಿತ್ತು ರಾಶಿ ಹಾಕಿ ಇಡಬೇಡಿ, ತಕ್ಷಣ ಸುಟ್ಟುಬಿಡಿ." ಏನನ್ನು ಸುಡಬೇಕು ಎಂಬುದು ಬೆಳೆಗಾರರ ವಿವೇಚನೆಗೆ.

ಇದೊಂದೇ ಆಗಿದ್ದರೆ ಕೈಯಲ್ಲಿ ತಿದ್ದಬಹುದಿತ್ತು. ಆದರೆ ಪುಸ್ತಕದ ಸಲಹೆಗಳ ಮೂಲ ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದಿರುವ ಕಾಫಿ ಸಂಶೋಧನಾ ಕೇಂದ್ರ. ಅಲ್ಲಿನ ವಿಜ್ಞಾನಿಗಳು ಸುಮ್ಮನೆ ಏನನ್ನೂ ಹೇಳುವವರಲ್ಲ. ಮಣ್ಣು ಪರೀಕ್ಷೆ ಮಾಡಿಸಿದ್ದರೆ, ಹೂಮಳೆ ಸಕಾಲಕ್ಕೆ ಬಿದ್ದಿದ್ದರೆ, ನೆರಳು ಹದವಾಗಿದ್ದರೆ, ಆಮೇಲೆ ಇಂತಿಷ್ಟು ಗೊಬ್ಬರ. ತಲೆ ಕಡಿದರೆ 'ಇದ್ದರೆ' ಹೋಗುತ್ತದೆ, ಬಾಲ ಕಡಿದರೆ ಗೊಬ್ಬರ ಹೋಗುತ್ತದೆ. ಆದ್ದರಿಂದ ವಾಕ್ಯ ಪೂರ್ತಿ ಇಟ್ಟೆವು. ಪಟ್ಟಿ ಪೂರ್ತಿ ಇಟ್ಟೆವು. ಅಕ್ಷರ ಸಣ್ಣದಾಗುತ್ತ ಹೋಗಿ, ಸ್ಲೈಡುಗಳು ಪುಸ್ತಕದ ಪುಟಗಳನ್ನೇ ಅಡ್ಡಡ್ಡ ಮಲಗಿಸಿದಂತೆ ಆದವು.

ಸಭೆ ಚೆನ್ನಾಗಿಯೇ ಆಯಿತು. ಚಿಕ್ಕಪ್ಪ ಪರದೆಗೆ ಬೆನ್ನು ಹಾಕಿ ನಿಂತು, ಅದರಲ್ಲಿಲ್ಲದ್ದನ್ನೆಲ್ಲ ಮಾತಾಡಿದರು. ಹಿಂದಿನ ಸಾಲಿನವರಿಗೆ ಏನೂ ಕಾಣಲಿಲ್ಲವಂತೆ. ಇಷ್ಟು ಒಳ್ಳೆ ಮಾಹಿತಿಯನ್ನು ಪುಸ್ತಕ ಮಾಡಿ ಹಂಚಬೇಕೆಂದು ಅವರೇ ಎದ್ದು ಒತ್ತಾಯಿಸಿದರು. ಠರಾವು ಸರ್ವಾನುಮತದಿಂದ ಪಾಸಾಯಿತು.

ಪ್ರೆಸ್ಸಿಗೆ ಫೈಲ್ ಕಳಿಸಿದ ಸಂಜೆ ಡಿಟಿಪಿ ಹುಡುಗನ ಫೋನು. "ಸಾರ್, ಇದು ಯೂನಿಕೋಡಲ್ಲಿದೆ, ನಮ್ಮ ಪೇಜ್‌ಮೇಕರಲ್ಲಿ ಕೂರಲ್ಲ. ನುಡಿಗೆ ಮಾಡಿ ಕಳಿಸ್ತೀರಾ?"