ನಕ್ಷೆಯಲ್ಲಿಲ್ಲದ ಎಸ್4 ಜೊತೆ ಮಾತುಕತೆ

ಇಟಲಿಯ ಮಿಲಾನ್ ನಗರದ ಲಿನಾಟೆ ವಿಮಾನ ನಿಲ್ದಾಣದ ಟ್ಯಾಕ್ಸಿವೇ ಮೇಲೆ ಬಳಿದಿದ್ದ ಎರಡಕ್ಷರದ ಗುರುತು ಎಸ್4. 2001ರ ಅಕ್ಟೋಬರ್ 8ರ ಬೆಳಿಗ್ಗೆ ನಡೆದದ್ದನ್ನು ಇಷ್ಟು ಹತ್ತಿರದಿಂದ ಕಂಡವರು ಬೇರೆ ಇಲ್ಲ ಎಂದು ನಾವೇ ಹುಡುಕಿಕೊಂಡು ಹೋದೆವು. ಮಲಗಿದ್ದಲ್ಲಿಂದಲೇ ಮಾತಾಡಿತು.

ನಮಸ್ಕಾರ. ತಮ್ಮ ಪರಿಚಯ?

ಎಸ್4: ಹೇಳಿದರೆ ನಂಬಬೇಕಲ್ಲ ಸ್ವಾಮಿ. ಹಿಂದೆ ಯಾವುದೋ ಯೋಜನೆಗೆಂದು ನನ್ನನ್ನು ಬರೆದರು. ಯೋಜನೆ ಹೋಯಿತು, ನಾನು ಉಳಿದೆ. ಪೈಲಟ್‌ಗಳ ನಕ್ಷೆಯಲ್ಲಿ ನಾನಿರಲಿಲ್ಲ, ಕಂಟ್ರೋಲ್ ಟವರಿನವರಿಗೂ ಗೊತ್ತಿರಲಿಲ್ಲ. ಜಮೀನಿನಲ್ಲಿ ಮನೆ ಕಟ್ಟಿಕೊಂಡು ಕೂತಿದ್ದೇನೆ, ಪಹಣಿಯಲ್ಲಿ ಹೆಸರಿಲ್ಲ ಎಂದರೆ ನಿಮ್ಮ ಕಡೆಯವರಿಗೆ ಥಟ್ಟನೆ ಹೊಳೆಯುತ್ತದೆ.

ಅವತ್ತು ಏನಾಯಿತು?

ಎಸ್4: 200 ಮೀಟರ್ ಆಚೆಗೆ ಏನೂ ಕಾಣದಂಥ ಮಂಜು. ಪ್ಯಾರಿಸ್‌ಗೆ ಹೊರಟಿದ್ದ ಪುಟ್ಟ ಸೆಸ್ನಾ ಜೆಟ್. ಇಬ್ಬರು ಪೈಲಟ್‌ಗಳು, ಇಬ್ಬರು ಪ್ರಯಾಣಿಕರು. ಉತ್ತರಕ್ಕೆ, ಆರ್5 ಹಿಡಿದು ಬನ್ನಿ ಎಂದರು ಟವರಿನವರು. ಪೈಲಟ್ ಆರ್5 ಎಂದೇ ಸರಿಯಾಗಿ ಮರುನುಡಿದ. ಅದು ರನ್‌ವೇಯ ತುದಿಯನ್ನು ಸುತ್ತಿಕೊಂಡು ಹೋಗುವ ದಾರಿ. ಆದರೆ ಹಳದಿ ಗೆರೆ ಒಂದು ಕಡೆ ಕವಲಾಗುತ್ತಿತ್ತು, ಎಡಕ್ಕೆ ಆರ್5, ಬಲಕ್ಕೆ ಆರ್6. ಅಕ್ಷರಗಳು ಸವೆದಿದ್ದವು. ಸೆಸ್ನಾ ಬಲಕ್ಕೆ ಬಂತು. ಆರ್6 ರನ್‌ವೇಯನ್ನೇ ಅಡ್ಡ ಹಾಯುತ್ತಿತ್ತು.

ಅಲ್ಲಿಗೆ ತಪ್ಪು ಪೈಲಟ್‌ನದೇ ಅಂತಾಯಿತು.

ಎಸ್4: ಬರೆದುಕೊಂಡೇಬಿಟ್ಟಿರಾ? ತಡೀರಿ. ದಾರಿ ತಪ್ಪಿದವನು ಬಾಯಿ ಮುಚ್ಚಿಕೊಂಡಿರಲಿಲ್ಲ. ಆರ್6 ಮೇಲೆ ಮಲಗಿದ್ದ ನನ್ನನ್ನು ಕಂಡ, ಓದಿದ, ಎಸ್4 ಹತ್ತಿರ ಬರುತ್ತಿದ್ದೇನೆ ಎಂದು ರೇಡಿಯೋದಲ್ಲಿ ಹೇಳಿದ. ಎಲ್ಲಿದ್ದೀರಿ, ಖಚಿತಪಡಿಸಿ ಎಂದಿತು ಟವರು. ಮತ್ತೆ ಎಸ್4 ಎಂದ. ನನ್ನ ಕೆಲಸ ಇರುವುದೇ ಅಷ್ಟು, ನೀನು ಎಲ್ಲಿದ್ದೀಯ ಎಂದು ಹೇಳುವುದು. ಹೇಳಿದೆ, ಅವನು ದಾಟಿಸಿದ. ಅತ್ತ ಕಡೆಯವರಿಗೆ ಎಸ್4 ಎಂದರೆ ಏನೆಂದೇ ಗೊತ್ತಿಲ್ಲ. ಅದೇನದು ಎಂದು ಒಂದು ಮಾತು ಕೇಳಿದ್ದರೆ ಇವತ್ತು ನೀವು ನನ್ನನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಅವರ ತಲೆಯಲ್ಲಿ ಸೆಸ್ನಾ ಉತ್ತರದಲ್ಲಿತ್ತು. ಮೊದಲು ನಿಲ್ಲಿ ಎಂದರು, ಆಮೇಲೆ ಮುಂದುವರಿಯಿರಿ ಎಂದರು.

ನೆಲದ ರಾಡಾರ್ ಇರುತ್ತದಲ್ಲ, ಅದರಲ್ಲಿ ಕಾಣಲಿಲ್ಲವೇ?

ಎಸ್4: (ನಗುತ್ತಾ) ಹಳೆಯದನ್ನು 1999ರಲ್ಲೇ ಬಂದ್ ಮಾಡಿದ್ದರು. ಹೊಸದು ಬಂದಿತ್ತು. ಎಷ್ಟೋ ವರ್ಷದಿಂದ ಬಂದೇ ಇತ್ತು. ಜೋಡಿಸುವುದೊಂದೇ ಬಾಕಿ. ಇಂಥ ಸುದ್ದಿ ಇಟಲಿಯದು ಎಂದು ನಾನು ಹೇಳದಿದ್ದರೆ ನೀವು ನಿಮ್ಮ ತಾಲ್ಲೂಕು ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ಅಂದುಕೊಳ್ಳುತ್ತಿದ್ದಿರಿ.

ರನ್‌ವೇ ಮುಂದೆ ಕೆಂಪು ದೀಪವಾದರೂ?

ಎಸ್4: ಇತ್ತು, ಉರಿಯುತ್ತಲೂ ಇತ್ತು. ಕಷ್ಟವೆಂದರೆ, ಆ ದೀಪಗಳ ಸಾಲನ್ನು ಟವರಿನಿಂದ ಆರಿಸಲು ಬರುತ್ತಿರಲಿಲ್ಲ. ದಾಟಬಹುದಾದಾಗಲೂ ಕೆಂಪು, ದಾಟಬಾರದಾಗಲೂ ಕೆಂಪು. ಸದಾ ಬೈಯುವ ಹೆಡ್‌ಮಾಸ್ತರರ ಮಾತಿಗೆ ಯಾರು ಕಿವಿಗೊಡುತ್ತಾರೆ? ಮುಂದುವರಿಯಿರಿ ಎಂಬ ಮಾತು ಬೇರೆ ಕಿವಿಯಲ್ಲಿತ್ತು. ದಾಟಿದರು. ಪೈಲಟ್‌ಗಳ ಪರ ವಕಾಲತ್ತು ವಹಿಸುತ್ತಿಲ್ಲ. ಅಂಥ ಮಂಜಿನಲ್ಲಿ ಹಾರಿಸುವ ಅರ್ಹತೆ ಅವರಿಗಿರಲಿಲ್ಲ. ಇದೆಯೇ ಎಂದು ವಿಚಾರಿಸಿದವರೂ ಇರಲಿಲ್ಲ.

ಆಮೇಲೆ?

ಎಸ್4: ಕೋಪನ್‌ಹೇಗನ್‌ಗೆ ಹೊರಟ ಎಸ್‌ಎಎಸ್ ವಿಮಾನ ಅನುಮತಿ ಪಡೆದೇ ಓಡಿ ಬರುತ್ತಿತ್ತು. ಡಿಕ್ಕಿಯಾಗಿ, ಆಚೆಯ ಲಗೇಜು ಕಟ್ಟಡಕ್ಕೆ ನುಗ್ಗಿತು. ವಿಮಾನದಲ್ಲಿ 110 ಜನ, ಸೆಸ್ನಾದಲ್ಲಿ ನಾಲ್ವರು, ಲಗೇಜು ಎತ್ತುತ್ತಿದ್ದ ನಾಲ್ವರು. ಒಬ್ಬರೂ ಉಳಿಯಲಿಲ್ಲ. ಮಂಜಿನಲ್ಲಿ ಸೆಸ್ನಾ ಇನ್ನೂ ರನ್‌ವೇ ಮೇಲೇ ಬಿದ್ದಿದೆ ಎಂಬುದು ತಿಳಿಯಲಿಕ್ಕೂ ಬಹಳ ಹೊತ್ತು ಹಿಡಿಯಿತು.

ನಿಮ್ಮ ಮೇಲೆ ಏನಾದರೂ ಕ್ರಮ?

ಎಸ್4: ತನಿಖಾ ವರದಿಯಲ್ಲಿ ನನ್ನ ಹೆಸರು ಬಂತು. ಬದುಕಿದ್ದಾಗ ಆಗದ ಖಾತೆ 118 ಜನ ಹೋದ ಮೇಲೆ ಆಯಿತು. ಕೋರ್ಟಿನಲ್ಲಿ ಕೆಲವರಿಗೆ ಶಿಕ್ಷೆಯೂ ಆಯಿತು.

ಇಂಥದ್ದು ಇದೊಂದೇ ಅಲ್ಲವಲ್ಲ.

ಎಸ್4: ನಮ್ಮ ಬಳಗ ದೊಡ್ಡದು. 1977ರಲ್ಲಿ ಟೆನೆರಿಫೆಯ ಮಂಜಿನಲ್ಲಿ ಪಾನ್ ಆಮ್ ವಿಮಾನದವರಿಗೆ ಮೂರನೇ ತಿರುವಿನಲ್ಲಿ ರನ್‌ವೇ ಬಿಡಲು ಹೇಳಿದ್ದರು. ಅವರು ಅದನ್ನು ದಾಟಿ ನಾಲ್ಕನೆಯದರ ಕಡೆ ಹೋಗುತ್ತಿದ್ದಾಗ ಕೆಎಲ್‌ಎಂ ವಿಮಾನ ಅನುಮತಿ ಇಲ್ಲದೆ ಓಡಿಬಂತು. 583 ಜನ ಹೋದರು. ಮಂಜೇ ಬೇಕೆಂದಿಲ್ಲ; 2006ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ 22ನೇ ರನ್‌ವೇ ಹಿಡಿಯಬೇಕಾದವರು 26 ಹಿಡಿದರು. ಅದು ಗಿಡ್ಡ, ದೀಪವೂ ಇರಲಿಲ್ಲ. 50 ಜನರಲ್ಲಿ ಒಬ್ಬರು ಉಳಿದರು. ನೀವೆಲ್ಲ ಭಯಪಡುವುದು ಆಕಾಶಕ್ಕೆ!

ನಮ್ಮ ಓದುಗರಿಗೆ ಏನಾದರೂ?

ಎಸ್4: ನಿಮ್ಮ ವಿಮಾನ ರನ್‌ವೇಗೆ ಹೋಗುತ್ತಾ ಅರ್ಧದಾರಿಯಲ್ಲಿ ಸುಮ್ಮನೆ ನಿಂತುಬಿಟ್ಟರೆ ಗಡಿಯಾರ ನೋಡಿಕೊಂಡು ಗೊಣಗಬೇಡಿ. ನಾನೀಗ ಎಲ್ಲಿದ್ದೇನೆ ಎಂದು ಪೈಲಟ್ ಕೇಳುತ್ತಿರಬಹುದು. ಕೇಳಲಿ ಬಿಡಿ.