ಐ ಅಗ್ರೀ ಒತ್ತಿದವರ ಮನೆ

ಹೆಣ್ಣು ಕೊಡುವಾಗ ನಾವು ಸುಲಭಕ್ಕೆ ಒಪ್ಪುವ ಜನವಲ್ಲ. ಜಾತಕ ತರಿಸಿ, ಗೋತ್ರ ಕೇಳಿ, ಹುಡುಗ ಕುಡೀತಾನಾ ಅಂತ ಅವನ ಬೀದಿಯ ಅಂಗಡಿಯವನ ಹತ್ತಿರ ವಿಚಾರಿಸಿ, ಆಮೇಲೆ ತಾಂಬೂಲ. ಸಾಫ್ಟ್‌ವೇರ್ ಹಾಕುವಾಗ ಮಾತ್ರ, ಪುಟಗಟ್ಟಲೆ ಕರಾರು ಎದುರಿಗೆ ಬಂದು ನಿಂತರೂ ಸರ್ರನೆ ಕೆಳಗೆ ಜಾರಿಸಿ ‘ಐ ಅಗ್ರೀ’ ಒತ್ತಿಬಿಡುತ್ತೇವೆ. ಸಿಡಿಯ ಕಾಲದಲ್ಲಂತೂ ಒತ್ತಿ ಎದ್ದವರು ಅದೇ ಸಿಡಿ ಹಿಡಿದು ಪಕ್ಕದ ಕೋಣೆಗೆ ಹೋಗುತ್ತಿದ್ದೆವು. ಅಲ್ಲಿ ಮಗಳ ಲ್ಯಾಪ್‌ಟಾಪ್ ಕಾಯುತ್ತಿರುತ್ತಿತ್ತು.

ದುಡ್ಡು ಕೊಟ್ಟು ತಂದದ್ದು, ನಮ್ಮ ಮನೆ, ನಮ್ಮ ಕಂಪ್ಯೂಟರು, ಯಾರಪ್ಪನ ಗಂಟು ಅಂತ ನಮ್ಮ ವಾದ. ನೀವು ಕೊಂಡದ್ದು ಸಾಫ್ಟ್‌ವೇರ್ ಅಲ್ಲ, ಬಳಸಲು ಅಪ್ಪಣೆ ಅಷ್ಟೇ ಅಂತ ಕಂಪನಿಯವರ ವಾದ. ಡಬ್ಬಿಯಲ್ಲಿ ಮಾರುವ ಸಾಫ್ಟ್‌ವೇರ್ ಸರಕೇ, ಮಾರಾಟ ತೆರಿಗೆ ಹಾಕಬಹುದು ಅಂತ ನಮ್ಮ ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ತೆರಿಗೆ ಕಟ್ಟುವ ಗಳಿಗೆಯಲ್ಲಿ ಸರಕು, ಮನೆಗೆ ತಂದ ಮೇಲೆ ಅಪ್ಪಣೆ. ಚೆನ್ನಾಗಿದೆಯಲ್ಲ?

ಆದರೂ ಆ ಕರಾರನ್ನು ಒಮ್ಮೆ ಓದಬೇಕು ಸ್ವಾಮಿ, ನಿಮ್ಮ ಮನೆಯವರು ಯಾರು ಅಂತ ಅವರು ತೀರ್ಮಾನ ಮಾಡಿರುತ್ತಾರೆ. ಆಪಲ್ ಕಂಪನಿ ಹಿಂದೆ ಮ್ಯಾಕ್‌ನ ಆಪರೇಟಿಂಗ್ ಸಿಸ್ಟಂಗೆ ‘ಫ್ಯಾಮಿಲಿ ಪ್ಯಾಕ್’ ಮಾರುತ್ತಿತ್ತು. 2009ರ ಸ್ನೋ ಲೆಪರ್ಡ್ ಒಂದು ಮ್ಯಾಕ್‌ಗೆ 29 ಡಾಲರ್, ಮನೆಯ ಐದು ಮ್ಯಾಕ್‌ಗಳಿಗೆ 49 ಡಾಲರ್. ಮನೆ ಎಂದರೆ ಯಾವುದು? ಅದನ್ನೂ ಈ ಪ್ಯಾಕಿನ ಕರಾರುಗಳಲ್ಲಿ ಬರೆದಿದ್ದರು. ಒಂದೇ ಸೂರಿನಡಿ ಇರುವವರು; ಅದು ಅಪಾರ್ಟ್‌ಮೆಂಟ್ ಆದರೂ ಸರಿ, ಗಾಲಿಯ ಮೇಲಿನ ಮನೆಯಾದರೂ ಸರಿ. ಕಾಲೇಜಿನ ಆವರಣದಲ್ಲೇ ಉಳಿದು ಓದುವ ಮಕ್ಕಳೂ ಸೇರುತ್ತಾರೆ. ಹಾಗಾಗಿ ಮಗ ಹಾಸ್ಟೆಲಿನಲ್ಲಿದ್ದರೆ ನಿಮ್ಮವನು; ಊಟ ಸರಿಯಿಲ್ಲ ಅಂತ ಗೇಟಿನಾಚೆ ಪಿಜಿ ಹಿಡಿದರೆ ಬೇರೆ ಸಂಸಾರದವನು. ಪಾಲುಪಟ್ಟಿಯೇ ಬೇಕಿಲ್ಲ. ತಮಾಷೆಯೆಂದರೆ, ಆ ಡಿಸ್ಕು ಹಾಕುವಾಗ ಕೀ ಗೀ ಏನನ್ನೂ ಕೇಳುತ್ತಿರಲಿಲ್ಲ. ಐದರ ಜಾಗದಲ್ಲಿ ಹದಿನೈದಕ್ಕೆ ಹಾಕಿದರೂ ತಡೆಯುವವರಿಲ್ಲ. ಎಲ್ಲಾ ನಿಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು.

ಮೈಕ್ರೋಸಾಫ್ಟ್‌ಗೆ ಅಂಥ ಭೋಳೇತನವಿಲ್ಲ. ಬಿಲ್ ಗೇಟ್ಸ್ 1976ರಲ್ಲೇ ಕಂಪ್ಯೂಟರ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನಿಮ್ಮಲ್ಲಿ ಬಹುಪಾಲು ಮಂದಿ ಕದಿಯುತ್ತಿದ್ದೀರಿ ಅಂತ ಮುಖಕ್ಕೇ ಹೇಳಿದ ಮನುಷ್ಯ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಇಪ್ಪತ್ತೈದು ಅಕ್ಷರದ ಕೀ ಒತ್ತಿದ ಮೇಲೂ ಮೂವತ್ತು ದಿನದೊಳಗೆ ಆಕ್ಟಿವೇಟ್ ಮಾಡಿಸಬೇಕಾಗಿತ್ತು. ‘ಬಿ’ಯೋ ಎಂಟೋ ಅಂತ ಆ ಚೀಟಿಯನ್ನು ಕಿಟಕಿ ಬೆಳಕಿಗೆ ಹಿಡಿದು ಓದಿಸಿಕೊಂಡ ಮನೆಗಳು ಎಷ್ಟಿಲ್ಲ.

ಹಾಗಂತ ಅವರಲ್ಲಿ ಔದಾರ್ಯವೇ ಇರಲಿಲ್ಲವೆನ್ನಬಾರದು. ಆಫೀಸ್ 2007ರ ‘ಹೋಮ್ ಅಂಡ್ ಸ್ಟೂಡೆಂಟ್’ ಡಬ್ಬಿಯನ್ನು ಒಂದು ಮನೆಯ ಮೂರು ಪಿಸಿಗಳಿಗೆ ಹಾಕಬಹುದಿತ್ತು. ಆದರೆ ವರ್ಡ್, ಎಕ್ಸೆಲ್ ತೆರೆದಾಗಲೆಲ್ಲ ನೆತ್ತಿಯ ಮೇಲೆ ‘ನಾನ್-ಕಮರ್ಷಿಯಲ್ ಯೂಸ್’ ಅಂತ ಬರೆದಿರುತ್ತಿತ್ತು. ಆ ಪಟ್ಟಿಯ ಕೆಳಗೇ ಚೀಟಿ ವ್ಯವಹಾರದ ಲೆಕ್ಕ ನಡೆಯುತ್ತಿತ್ತು, ಎಲ್‌ಐಸಿ ಪ್ರೀಮಿಯಂ ಪಟ್ಟಿ ನಡೆಯುತ್ತಿತ್ತು, ಟ್ಯೂಷನ್ ಮೇಷ್ಟ್ರ ಫೀಸಿನ ಬಾಕಿಯೂ ನಡೆಯುತ್ತಿತ್ತು. ಆಫೀಸ್ 2013ಕ್ಕೆ ಬರುವ ಹೊತ್ತಿಗೆ ಮೂರು ಹೋಗಿ ಒಂದೇ ಪಿಸಿ ಆಯಿತು. ಮೊದಮೊದಲು ಆ ಪಿಸಿ ಸತ್ತರೆ ಲೈಸೆನ್ಸೂ ಸಹಗಮನ! ಜನ ಕೂಗಾಡಿದ ಮೇಲೆ ಅದೇ ವರ್ಷದ ಮಾರ್ಚಿನಲ್ಲಿ, ಬೇರೆ ಕಂಪ್ಯೂಟರಿಗೆ ಬದಲಾಯಿಸಿಕೊಳ್ಳಿ ಎಂದರು.

ನನ್ನ ಮಟ್ಟಿಗೆ ಮನುಷ್ಯರು ಬರೆದ ಕರಾರು ಅಂದರೆ ಬೋರ್‌ಲ್ಯಾಂಡ್‌ನವರದು. 1980ರ ದಶಕದಲ್ಲಿ ಟರ್ಬೋ ಪ್ಯಾಸ್ಕಲ್ ಅನ್ನುವ, ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಮಾಡಿದವರು. ಇದನ್ನು ಪುಸ್ತಕದ ಹಾಗೆ ಬಳಸಿ, ಎಷ್ಟು ಜನ ಬೇಕಾದರೂ, ಯಾವ ಕಂಪ್ಯೂಟರಿನಲ್ಲಿ ಬೇಕಾದರೂ. ಒಂದೇ ಹೊತ್ತಿಗೆ ಎರಡು ಕಡೆ ಮಾತ್ರ ಬೇಡ ಎಂದಿದ್ದರು. ಮುಗಿಯಿತು. ಓದಿದ ಮೇಲೆ ಒಪ್ಪಬಹುದಾದ ಮಾತು. (ಎರವಲು ಹೋದ ಪುಸ್ತಕ ನಮ್ಮಲ್ಲಿ ವಾಪಸು ಬರುವುದಿಲ್ಲ ಅನ್ನುವುದು ಆ ಅಮೆರಿಕದವರಿಗೆ ಗೊತ್ತಿರಲಿಲ್ಲ.)

ನಮ್ಮ ಕಾನೂನೂ ತೀರಾ ಜಿಪುಣನಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1999ರಲ್ಲಿ ಸೇರಿದ ಒಂದು ಅಂಶ 52ನೇ ಕಲಮಿನಲ್ಲಿದೆ: ನ್ಯಾಯವಾಗಿ ಪಡೆದ ಪ್ರತಿಯಿಂದ, ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೆ ಪ್ರತಿ ಮಾಡಿಕೊಂಡರೆ ಉಲ್ಲಂಘನೆಯಲ್ಲ. ಇದು ಮೇಲೋ, ನೀವು ಒತ್ತಿದ ಐ ಅಗ್ರೀ ಮೇಲೋ ಅನ್ನುವ ಜಗಳವನ್ನು ಕರೀ ಕೋಟಿನವರಿಗೇ ಬಿಡೋಣ, ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಆದರೆ ಕಳ್ಳ ಪ್ರತಿ ಅಂತ ಗೊತ್ತಿದ್ದೂ ಬಳಸಿದರೆ 63ಬಿ ಕಲಮು ಏಳು ದಿನದಿಂದ ಮೂರು ವರ್ಷದವರೆಗೆ ಒಳಗೆ ಕೂರಿಸಬಲ್ಲದು. ಅದರಿಂದ ಲಾಭ ಮಾಡಿಕೊಳ್ಳದವರಿಗೆ ಜೈಲು ತಪ್ಪಿಸಿ ದಂಡ ಹಾಕಿ ಬಿಡುವುದೂ ಉಂಟು.

ಈ ರಗಳೆಯೇ ಬೇಡವೆನ್ನುವವರಿಗೆ ಲಿಬ್ರೆ ಆಫೀಸ್ ಇದೆ, ನುಡಿ ಇದೆ. ಎಷ್ಟು ಕಂಪ್ಯೂಟರಿಗಾದರೂ ಹಾಕಿ, ಯಾರೂ ಕೇಳುವುದಿಲ್ಲ. ಪುಕ್ಕಟೆ ಅಂದ ಕೂಡಲೇ ನಮಗೆ ಅನುಮಾನ, ಅದು ಬೇರೆ ಮಾತು.

ಈಗ ಡಬ್ಬಿಯ ಕಾಲ ಹೋಗಿ ವರ್ಷದ ಚಂದಾ ಬಂದಿದೆ. ಮೈಕ್ರೋಸಾಫ್ಟ್ 365 ಫ್ಯಾಮಿಲಿ ಅಂದರೆ ಆರು ಜನ. ಮೊನ್ನೆ ನಮ್ಮ ಪರಿಚಯದ ಮನೆಯಲ್ಲಿ ಇದರದೇ ಪಂಚಾಯ್ತಿ. ಗಂಡ, ಹೆಂಡತಿ, ಮಕ್ಕಳಿಬ್ಬರು, ನಾಲ್ಕಾಯಿತು. ಮಾವನವರು ಐದು. ಆರನೆಯದು?

“ನಮ್ಮಣ್ಣನಿಗೆ ಕೊಡ್ರೀ.”

“ನಿಮ್ಮಣ್ಣ ಮೈಸೂರಲ್ಲಿದ್ದಾನೆ ಕಣೆ. ಇದು ಒಂದೇ ಮನೆಯವರಿಗೆ.”

“ಹೌದಾ? ಮತ್ತೆ ಈ ಲಿಸ್ಟಲ್ಲಿ ಶಿವಮೊಗ್ಗದ ನಿಮ್ಮ ತಂಗಿ ಹೆಸರು ಆಗಲೇ ಇದೆಯಲ್ಲ?”

“ಅದು... ಗೌರಿ ಹಬ್ಬಕ್ಕೆ ಬಂದಿದ್ದಳಲ್ಲ, ಆಗ ಹಾಕಿದ್ದು.”