ಜೋಗದ ಎದುರು ಜೋಗದ ರೀಲ್ಸ್

ರೀಲ್ಸ್‌ನಲ್ಲಿ ಜೋಗಕ್ಕೆ ಮಂಜು ಮುಸುಕುವುದೇ ಇಲ್ಲ. ಡ್ರೋನ್ ಮೇಲೇರುತ್ತದೆ, ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಎತ್ತರದಿಂದ ಹಿನ್ನೆಲೆ ಸಂಗೀತದ ತಾಳಕ್ಕೆ ಸರಿಯಾಗಿ ಧುಮುಕುತ್ತವೆ. ಹಾಸಿಗೆಯಲ್ಲಿ ಬಿದ್ದುಕೊಂಡು ನೋಡಿದವನಿಗೆ ತನ್ನ ಬಾಳೇ ದಂಡವೆನ್ನಿಸಿ, ಆಷಾಢದ ಮಳೆಯಲ್ಲೇ ಹೆಂಡತಿ ಮಕ್ಕಳನ್ನು ಹೊರಡಿಸುತ್ತಾನೆ. ಹೋಗಿ ನಿಂತರೆ ಎದುರಿಗೆ ಬರೀ ಬಿಳಿ ಮಂಜು. ಸದ್ದೇನೋ ಭರ್ಜರಿ! ಕಟಾಂಜನಕ್ಕೆ ಒರಗಿದವರೆಲ್ಲ ಕೊಡೆಯನ್ನು ಕತ್ತಿನಲ್ಲಿ ಸಿಕ್ಕಿಸಿಕೊಂಡು, ಮೊಬೈಲಿನ ಹನಿ ಒರೆಸುತ್ತಾ ಜೋಗ ನೋಡುತ್ತಿರುತ್ತಾರೆ, ಮೊಬೈಲಿನಲ್ಲೇ.

ಅರೆ ನಿಮಿಷ ಮಂಜು ಸರಿಯಿತೆನ್ನಿ, ಅಷ್ಟೂ ಜನ ಜಲಪಾತಕ್ಕೆ ಬೆನ್ನು ತಿರುಗಿಸುತ್ತಾರೆ. ಸೆಲ್ಫಿಗೆ ಬೇರೆ ದಾರಿಯೆಲ್ಲಿದೆ, ಪಾಪ! ಸಂಜೆ ಸಾಗರದಲ್ಲಿ ಒದ್ದೆ ಸಾಕ್ಸ್ ಹಿಂಡುತ್ತಲೇ ‘ಸ್ವರ್ಗ!’ ಎಂದು ಪೋಸ್ಟು. ಬೆಂಗಳೂರಿನ ಭಾವಮೈದುನ ಹೊಟ್ಟೆಯುರಿ ನುಂಗಿಕೊಂಡು ಕಾಮೆಂಟ್ ಹಾಕುತ್ತಾನೆ: “ನಾವು ಹೋದಾಗ ನೀರು ಇನ್ನೂ ಜಾಸ್ತಿ ಇತ್ತು ಭಾವ.”